ಟೈಲರಿಂಗ್ ಅಂಗಡಿಯಲ್ಲಿ ನನ್ನ ಸಾಕ್ಷಿ

ಉಡುಪಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಯೇಸುವಿಗೆ ಸಾಕ್ಷಿಯಾಗಿ ಬದುಕುವ ಕರೆ ಪ್ರತಿಯೊಬ್ಬ ಕ್ರೈಸ್ತರಿಗೂ ಇದೆ ಅಂತ ಸಂಡೇ ಸ್ಕೂಲಿನಿಂದಲೂ ಕೇಳಿಕೊಂಡು ಬಂದಿದ್ದೇನೆ. ಬೀದಿಯಲ್ಲಿ ನಿಂತು ಮಾತಾಡುವ ಸ್ವಭಾವ ನನ್ನದಲ್ಲ. ದೇವರು ನನ್ನನ್ನು ಕೂರಿಸಿರುವುದು ಹೊಲಿಗೆ ಮಿಷನ್ನಿನ ಮುಂದೆ.

ನನಗೆ ದಾರಿ ತೋರಿಸಿದ್ದು ಬೈಬಲಿನಲ್ಲಿರುವ, ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರಿಕೆಯ (ಅಂದರೆ ಪತ್ರದ) 3ನೇ ಅಧ್ಯಾಯ, 15ನೇ ವಚನ. ನಿಮ್ಮ ನಿರೀಕ್ಷೆಗೆ ಕಾರಣ ಏನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸೌಮ್ಯವಾಗಿ ಹೇಳಿ ಅನ್ನುತ್ತಾನೆ ಪೇತ್ರ. ಜನರಿಗೆ ಕೇಳಬೇಕು ಅನ್ನಿಸಬೇಕಾದರೆ ಮೊದಲು ನಮ್ಮ ಮೇಲೆ ನಂಬಿಕೆ ಬರಬೇಕಲ್ವಾ? ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತೇನೆ. ಉಳಿದ ತುಂಡು ಎಷ್ಟೇ ಸಣ್ಣದಿರಲಿ, ಕವರಿಗೆ ಹಾಕಿ ವಾಪಸ್ ಕೊಡುತ್ತೇನೆ. ಒಬ್ಬರ ಮನೆ ವಿಷಯ ಇನ್ನೊಬ್ಬರ ಹತ್ತಿರ ಆಡುವುದಿಲ್ಲ.

ಒಮ್ಮೆ ಹಳೇ ಗಿರಾಕಿಯೊಬ್ಬರು ಬ್ಲೌಸ್ ಹೊಲಿಸಲು ಬಂದರು. ಅಳತೆ ತೆಗೆದರೆ ಹಿಂದಿನದಕ್ಕಿಂತ ಎರಡು ಇಂಚು ಕಡಿಮೆ. "ಏನಮ್ಮಾ, ಇಷ್ಟು ಇಳಿದುಹೋಗಿದ್ದೀರಿ?" ಅಂದೆ. ಮಗ ಆಸ್ಪತ್ರೆಯಲ್ಲಿದ್ದಾನೆ, ನಿದ್ದೆಯಿಲ್ಲ ಅಂತ ಅತ್ತುಬಿಟ್ಟರು. ಆಮೇಲೆ, "ನಿಮ್ಮ ಯಜಮಾನರು ತೀರಿಕೊಂಡಾಗ ನೀವು ಹೇಗೆ ತಡ್ಕೊಂಡ್ರಿ ಅಕ್ಕಾ?" ಅಂದರು.

"ರಾತ್ರಿಯೆಲ್ಲ ಯೇಸುವಿನ ಹತ್ತಿರ ಅತ್ತಿದ್ದೇನೆ, ಜಗಳವನ್ನೂ ಆಡಿದ್ದೇನೆ. ಆತ ನನ್ನ ಕೈ ಬಿಡಲಿಲ್ಲ" ಅಂದೆ. "ನಿಮ್ಮ ಮಗನಿಗೋಸ್ಕರ ಪ್ರಾರ್ಥನೆ ಮಾಡಲಾ?"

"ಮಾಡಿ ಅಕ್ಕಾ. ಆದ್ರೆ ಇಲ್ಲಿ ಬೇಡ, ಮನೆಯಲ್ಲಿ ಮಾಡಿ."

ಹಾಗೇ ಮಾಡಿದೆ. ಅಳತೆ ಪುಸ್ತಕದಲ್ಲಿ ಅವರ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಶಿಲುಬೆ ಬರೆದುಕೊಂಡೆ, ಮರೆಯಬಾರದು ಅಂತ. ಹುಡುಗ ಗುಣವಾದ. ಅವರು ಕುಲದೇವರ ಹರಕೆ ತೀರಿಸಿ ಬಂದು ಪ್ರಸಾದ ತಂದುಕೊಟ್ಟರು. ನನ್ನ ಪ್ರಾರ್ಥನೆಯಿಂದಲೇ ಆಯಿತು ಅಂತ ನಾನು ಹೇಳಲಿಲ್ಲ. ಅವರ ಖುಷಿಯಲ್ಲಿ ನನಗೂ ಪಾಲಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ನನ್ನ ಹತ್ತಿರ ಹೊಲಿಗೆ ಕಲಿಯುವ ಹುಡುಗಿಯರ ಮುಂದೆ, ಸಾಲ ಕೇಳಿ ಬಂದವರ ಮುಂದೆ ನಾನಾಗಿ ವಿಶ್ವಾಸದ ಮಾತು ತೆಗೆಯುವುದಿಲ್ಲ. ಅವರಿಗೆ ಬೇಡ ಅನ್ನಲು ಕಷ್ಟವಾಗುತ್ತದೆ. ನಮ್ಮ ಹಿರಿಯರ ಕಥೆಯೂ ಇದಕ್ಕೊಂದು ಕಾರಣ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾಗಿ ಮನೆ, ಜಾತಿ, ಕಸುಬು ಕಳೆದುಕೊಂಡವರ ಹೊಟ್ಟೆಪಾಡಿಗೆ ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ತೆರೆದರು. ಕೆಲಸದ ಆಸೆಗೆ ಸೇರಿದರು ಎಂಬ ಮಾತು ಇಂದಿಗೂ ನಮ್ಮ ಹಿರಿಯರಿಗೆ ತಪ್ಪಿಲ್ಲ. ಅವರು ಪಟ್ಟ ಪಾಡು ನೆನೆದರೆ ಸಂಕಟವಾಗುತ್ತದೆ. ನಂಬಿಕೆಯನ್ನು ಸಾರುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ, ನಿಜ. ಆದರೆ ಎದುರಿಗಿರುವವರ ಕಷ್ಟ ನನ್ನ ಕೈಯಲ್ಲಿ ಆಯುಧವಾಗಬಾರದು.

ಹೆಚ್ಚು ತಿಳಿಯಬೇಕು ಅಂತ ಬಂದವರಿಗೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ಭಾಗವಾದ ಲೂಕನ ಸುವಾರ್ತೆ ಕೊಡುತ್ತೇನೆ. 15ನೇ ಅಧ್ಯಾಯದಿಂದ ಶುರುಮಾಡಿ ಅನ್ನುತ್ತೇನೆ. ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಮನೆ ಬಿಟ್ಟುಹೋದ ಮಗ, ಮೂರೂ ಕಥೆ ಅಲ್ಲೇ ಇವೆ. ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸುವ ಹೆಂಗಸಿನ ಕಥೆ ನಮ್ಮ ಹೆಂಗಸರಿಗೆ ತಕ್ಷಣ ಹಿಡಿಸುತ್ತದೆ. ಓದಿ ಪ್ರಶ್ನೆ ತರುತ್ತಾರೆ. ಗೊತ್ತಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಭಾನುವಾರ ನಮ್ಮ ಸಭಾಪಾಲಕರನ್ನು ಕೇಳಿಕೊಂಡು ಬಂದು ಹೇಳುತ್ತೇನೆ.