56ರಿಂದ 52.5ಕ್ಕೆ: ನನ್ನ ಬಸಿರು ವಾಂತಿಯ ಲೆಕ್ಕ

ಬೆಂಗಳೂರಿನ ಗಿರಿನಗರದ ನಮ್ಮ ಮನೆಯಲ್ಲಿ ಬೆಳಿಗ್ಗೆ 7 ಗಂಟೆ ಅಂದರೆ ಕೆಳಗಿನ ಮನೆಯ ಒಗ್ಗರಣೆ. ಇಂಗು, ಸಾಸಿವೆ, ಕರಿಬೇವು. ಮೊದಲೆಲ್ಲ ಅದೇ ನನ್ನ ಅಲಾರಾಂ. 2024ರ ಜುಲೈನಲ್ಲಿ ಅದೇ ವಾಸನೆಗೆ ನಾನು ಬಚ್ಚಲ ನೆಲದ ಮೇಲೆ ಕೂತಿರುತ್ತಿದ್ದೆ. ಆಗ ನನಗೆ ಏಳನೇ ವಾರ. ಮೊದಲು ಹಳದಿ ಪಿತ್ತ ಬರುತ್ತಿತ್ತು, ಆಮೇಲೆ ಅದೂ ಇಲ್ಲದೆ ಬರೀ ಓಕರಿಕೆ. ನನ್ನ ಜೊಲ್ಲನ್ನೇ ನುಂಗೋಕೆ ಆಗದೆ ಪಕ್ಕದಲ್ಲಿ ಒಂದು ಸ್ಟೀಲ್ ಲೋಟ ಇಟ್ಟುಕೊಂಡಿದ್ದೆ.

ಎಲ್ಲರೂ ಔಷಧಿ ಹೇಳಿದರು. ಅತ್ತೆ ಶುಂಠಿ ಅಂದರು. ಅಮ್ಮ ನೆಲ್ಲಿಕಾಯಿ ಅಡಿಕೆ ಬಾಯಲ್ಲಿಟ್ಟುಕೋ ಅಂದಳು. ಪಕ್ಕದ ಮನೆಯವರು ಹಾಸಿಗೆಯಿಂದ ಏಳುವ ಮುಂಚೆ ಮಂಡಕ್ಕಿ ತಿನ್ನು ಅಂದರು. ಸುಮ್ನೆ ಹೇಳಿದ್ದಲ್ಲ, ಮಾಮೂಲಿ ವಾಂತಿಗೆ ಇಂಥದ್ದರಿಂದ ಕೆಲವರಿಗೆ ಸ್ವಲ್ಪ ಆರಾಮಾಗುತ್ತದೆ. ನನ್ನದು ಮಾಮೂಲಿ ಅಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ, ನನಗೂ ಸಹ.

ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆವು. "ಬಸುರಿ ಅಂದ್ಮೇಲೆ ವಾಂತಿ ಇರಲ್ವೇನಮ್ಮ?" ಅಂದರು ಅಲ್ಲಿನ ಡಾಕ್ಟರ್, ಮುಖ ಎತ್ತದೆ. ಒಂದು ಬಾಟಲಿ ಗ್ಲೂಕೋಸ್, ಒಂದು ಇಂಜೆಕ್ಷನ್, ಮನೆಗೆ. ಆ ಸಂಜೆ ಸ್ವಲ್ಪ ಹಗುರ ಅನ್ನಿಸಿತು. ಮರುದಿನ ಮತ್ತೆ ಅದೇ ಕಥೆ. ಹೀಗೆ ವಾರದಲ್ಲಿ ಮೂರು ಸಲ. ಪ್ರತಿ ಸಲವೂ ಆಟೋದಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಕೂರುವುದು, ಪ್ರತಿ ರೋಡ್ ಹಂಪ್‌ಗೂ ದೇವರನ್ನು ನೆನೆಯುವುದು. ಒಬ್ಬ ಆಟೋದವರು ನನ್ನ ಮುಖ ನೋಡಿ ಇಡೀ ದಾರಿ ಎರಡನೇ ಗೇರಿನಲ್ಲೇ ಓಡಿಸಿದರು. ಅವರನ್ನು ಮರೆಯುವ ಹಾಗಿಲ್ಲ.

ದಾರಿ ತೋರಿಸಿದ್ದು ಆಫೀಸಿನ ಗೆಳತಿ. ಅವಳಿಗೂ ಹೀಗೇ ಆಗಿತ್ತಂತೆ. ಫೋನಿನಲ್ಲಿ ಹೇಳಿದಳು: "ಡಾಕ್ಟ್ರ ಹತ್ರ ವಾಂತಿ ಅಂತ ಹೇಳ್ಬೇಡ ಕಣೆ. ಲೆಕ್ಕ ಹೇಳು."

ಅವತ್ತೇ ಒಂದು ನೋಟ್‌ಬುಕ್ ಶುರುವಾಯಿತು. ಪೆನ್ನು ಹಿಡಿಯುವ ಶಕ್ತಿ ನನಗಿರಲಿಲ್ಲ, ನಮ್ಮ ಮನೆಯವರು ಬರೆದರು. ಬೆಳಿಗ್ಗೆ ಎದ್ದ ಕೂಡಲೇ ತೂಕ, ಅದೂ ದಿನಾ ಮನೆಯ ಅದೇ ಮೆಷಿನ್ ಮೇಲೆ. ಎಷ್ಟು ಸಲ ವಾಂತಿ. ಎಷ್ಟು ನೀರು ಕುಡಿದೆ, ಅದರಲ್ಲಿ ಎಷ್ಟು ಒಳಗೆ ಉಳಿಯಿತು. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು: ಒಂದಕ್ಕೆ ಹೋಗಿದ್ದು ಎಷ್ಟು ಗಂಟೆಗೆ, ಬಣ್ಣ ಹೇಗಿತ್ತು. ಇದನ್ನು ಗಂಡನ ಹತ್ತಿರ ಬರೆಸಲು ಮೊದಲು ನಾಚಿಕೆ ಆಯಿತು. ಎರಡನೇ ದಿನಕ್ಕೆ ನಾಚಿಕೆಗೂ ಶಕ್ತಿ ಉಳಿದಿರಲಿಲ್ಲ.

ಎಂಟನೇ ವಾರದ ಒಂದು ಬೆಳಿಗ್ಗೆ ಪುಸ್ತಕದಲ್ಲಿ ಹೀಗಿತ್ತು: ಬಸಿರಿಗೆ ಮುಂಚೆ 56 ಕೆಜಿ, ಇವತ್ತು 52.5. ನಿನ್ನೆ 14 ಸಲ ವಾಂತಿ. ಒಂದಕ್ಕೆ ಹೋಗಿದ್ದು ನಿನ್ನೆ ರಾತ್ರಿ 9ಕ್ಕೆ, ಕಡು ಹಳದಿ.

ಜಯನಗರದ ಕಡೆ ಇರುವ ದೊಡ್ಡ ಆಸ್ಪತ್ರೆಗೆ ಹೋದೆವು. ರಿಸೆಪ್ಷನ್‌ನಲ್ಲಿ ನಾನು "ಪ್ರೆಗ್ನೆಂಟ್, ವಾಂತಿ" ಅಂದೆ. ಒಪಿಡಿ ಟೋಕನ್ ಕೊಟ್ಟರು, ನಂಬರ್ 43. ನಮ್ಮ ಮನೆಯವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಸೀದಾ ಎಮರ್ಜೆನ್ಸಿ ಬಾಗಿಲಿಗೆ ಹೋಗಿ ಆ ಪುಟ ಓದಿದರು. ಐದು ನಿಮಿಷದಲ್ಲಿ ವೀಲ್ ಚೇರ್ ಬಂತು. ಅದೇ ನಾನು, ಅದೇ ವಾಂತಿ.

ಬಸಿರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿ ಇಳಿದರೆ ಅದನ್ನು ಸೀರಿಯಸ್ಸಾಗಿ ನೋಡಬೇಕು ಅಂತ ಅಲ್ಲಿನ ಡಾಕ್ಟರ್ ಹೇಳಿದರು. ನನ್ನದು 6 ದಾಟಿತ್ತು. ಮೂತ್ರದಲ್ಲಿ ಕೀಟೋನ್ (ಊಟ ಸೇರದೆ ಮೈ ಕೊಬ್ಬು ಕರಗಿಸಿದಾಗ ಬರುವಂಥದ್ದು) 3 ಪ್ಲಸ್, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಕಿಡ್ನಿ, ಲಿವರ್, ಥೈರಾಯ್ಡ್ ನೋಡಿದರು. ಮೂತ್ರದ ಸೋಂಕು ಇದೆಯಾ, ಅವಳಿ ಇದೆಯಾ ಅಂತಲೂ ನೋಡಿದರು. ಆಮೇಲೆ ಕಾಯಿಲೆಯ ಹೆಸರು ಹೇಳಿದರು: ಹೈಪರ್‌ಎಮೆಸಿಸ್ ಗ್ರ್ಯಾವಿಡೇರಮ್, ಅಂದರೆ ಬಸಿರಿನಲ್ಲಿ ಮಿತಿಮೀರಿ ಆಗುವ ವಾಂತಿ. ಹೆಸರು ಕೇಳಿ ಅತ್ತುಬಿಟ್ಟೆ. ಭಯಕ್ಕಲ್ಲ. ಇದಕ್ಕೊಂದು ಹೆಸರಿದೆಯಲ್ಲ, ಅಂತ.

ಇಲ್ಲಿ ಗ್ಲೂಕೋಸ್ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಕೈಗೆ ಹಾಕುವ ಪ್ರತಿ ಬಾಟಲಿಗೂ ಗ್ಲೂಕೋಸ್ ಅಂತಲೇ ಹೆಸರು. ಆಸ್ಪತ್ರೆಯಲ್ಲಿ ನನಗೆ ಹಾಕಿದ್ದು ಮೊದಲು ಸಲೈನ್, ಅಂದರೆ ಉಪ್ಪುನೀರು, ಅದರ ಜೊತೆ ಪೊಟ್ಯಾಸಿಯಂ. ಜೊತೆಗೇ ಥಯಾಮಿನ್, ಅಂದರೆ ಬಿ1 ವಿಟಮಿನ್. ದಿನಗಟ್ಟಲೆ ವಾಂತಿಯಾದವರ ಮೈಯಲ್ಲಿ ಬಿ1 ಖಾಲಿಯಾಗಿರಬಹುದು. ಅದನ್ನು ಕೊಡದೆ ಬರೀ ಸಕ್ಕರೆಯ ಬಾಟಲಿ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಕಣ್ಣು ಎರಡೆರಡು ಕಾಣುವುದು, ಗೊಂದಲ, ನಡಿಗೆ ತಪ್ಪುವುದು ಅದರ ಲಕ್ಷಣಗಳು. ನನಗೆ ಹಾಗೇನೂ ಆಗಲಿಲ್ಲ, ಪುಣ್ಯ. ಆದರೆ ಆ ಮೂರು ಬಾಟಲಿ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಈಗ ಯಾರಾದರೂ ಕೇಳಿದರೆ ನಾನು ಹೇಳಿಕೊಡುವ ಪ್ರಶ್ನೆ ಒಂದೇ: "ಸಿಸ್ಟರ್, ಬಿ1 ಕೊಟ್ರಾ?"

ಮೂರು ದಿನ ಇದ್ದೆ. ಎರಡನೇ ದಿನ ಸಂಜೆ ನಾಲ್ಕು ಚಮಚ ಗಂಜಿ ಉಳಿಯಿತು. ಪುಸ್ತಕದಲ್ಲಿ ಅದಕ್ಕೆ ಕೆಳಗೆ ಎರಡು ಗೆರೆ ಎಳೆದಿದ್ದಾರೆ ನಮ್ಮ ಮನೆಯವರು.

ಮಾತ್ರೆಯಲ್ಲೂ ನಾನು ತಪ್ಪು ಮಾಡಿದ್ದೆ. ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಮಾತ್ರೆಯನ್ನು ನರ್ಸಿಂಗ್ ಹೋಮಿನವರೂ ಬರೆದುಕೊಟ್ಟಿದ್ದರು. ನಾನು ಅದನ್ನು ವಾಂತಿ ಬಂದಾಗ ಮಾತ್ರ ನುಂಗುತ್ತಿದ್ದೆ, ತಲೆನೋವಿನ ಮಾತ್ರೆ ಥರ. ಅದು ನಿಧಾನಕ್ಕೆ ಕೆಲಸ ಮಾಡುವ ಮಾತ್ರೆ. ವಾಂತಿ ಇರಲಿ ಬಿಡಲಿ, ದಿನಾ ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕು. ರಾತ್ರಿ ಮಲಗುವಾಗ ತಗೊಂಡಿದ್ದು ಮರುದಿನ ಬೆಳಿಗ್ಗೆಗೆ ಆಗುತ್ತದೆ. ಅದೊಂದೇ ಸಾಲದೆ ಒಂಡಾನ್‌ಸೆಟ್ರಾನ್ ಅನ್ನುವ ಇನ್ನೊಂದು ವಾಂತಿ ಔಷಧಿಯನ್ನೂ ಸೇರಿಸಿದರು. ಮೊದಲ ಮೂರು ತಿಂಗಳಲ್ಲಿ ಅದನ್ನು ತಗೊಂಡರೆ ಸೀಳು ತುಟಿ ಅಥವಾ ಸೀಳು ಅಂಗುಳ 10,000 ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಜಾಸ್ತಿ ಕಾಣಿಸಿದೆ ಅಂತ ಡಾಕ್ಟರೇ ಬಾಯಿಬಿಟ್ಟು ಹೇಳಿ, ಯೋಚಿಸಿ ಅಂದರು. ಹಾಗೆ ಹೇಳಿದ್ದಕ್ಕೇ ನನಗೆ ನಂಬಿಕೆ ಬಂತು. ಅದರಿಂದ ಮಲಬದ್ಧತೆ ಮಾತ್ರ ಸಿಕ್ಕಾಪಟ್ಟೆ ಆಯಿತು, ಅದಕ್ಕೂ ಬೇರೆ ಸಿರಪ್.

ಅತ್ತೆಗೆ ಮಾತ್ರೆಗಳೆಂದರೆ ಭಯ. "ಮಗುಗೆ ಏನಾದ್ರೂ ಆದ್ರೆ?" ಅಂತ ದಿನಾ ಕೇಳುತ್ತಿದ್ದರು. ಡಾಕ್ಸಿಲಮೈನ್–ಬಿ6 ಇರುವ ಮಾತ್ರೆ ಅಮೆರಿಕದಲ್ಲಿ 1956ರಲ್ಲೇ ಬಂದಿತ್ತು. ಕೋರ್ಟು ಕೇಸುಗಳ ಕಾಟಕ್ಕೆ ಕಂಪನಿ 1983ರಲ್ಲಿ ಅದನ್ನು ನಿಲ್ಲಿಸಿತು. ಮಕ್ಕಳಿಗೆ ತೊಂದರೆ ಮಾಡುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ, 2013ರಲ್ಲಿ ಅಲ್ಲಿ ಮತ್ತೆ ಒಪ್ಪಿಗೆ ಕೊಟ್ಟರು. ಇದನ್ನೆಲ್ಲ ನಮ್ಮ ಮನೆಯವರು ಕೂತು ವಿವರಿಸಿದರು. ಅತ್ತೆ ಪೂರ್ತಿ ಕೇಳಿ, "ಸರಿ, ಶುಂಠಿನೂ ಕೊಡು" ಅಂದರು.

"ಮನಸ್ಸು ಗಟ್ಟಿ ಮಾಡ್ಕೋ" ಅಂದವರು ಬೇರೆ. ಆ ಮಾತು ವಾಂತಿಗಿಂತ ಜಾಸ್ತಿ ಸುಸ್ತು ಮಾಡುತ್ತಿತ್ತು. ಇದಕ್ಕೆ ಜಿಡಿಎಫ್15 ಅನ್ನುವ ಹಾರ್ಮೋನ್ ದೊಡ್ಡ ಕಾರಣ ಅಂತ 2023ರ ಡಿಸೆಂಬರಿನಲ್ಲಿ ಒಂದು ಸಂಶೋಧನೆ ಬಂತು. ಹೆಚ್ಚಿನ ಪಾಲು ಅದು ಬರುವುದು ಹೊಟ್ಟೆಯೊಳಗಿನ ಮಗು ಮತ್ತು ಮಾಸಿನಿಂದ. ಬಸಿರಿಗೆ ಮುಂಚೆ ಮೈಯಲ್ಲಿ ಅದು ಕಡಿಮೆ ಇದ್ದವರಿಗೆ ಒಮ್ಮೆಲೇ ಏರಿದಾಗ ತಡೆಯುವುದಿಲ್ಲ. ಆ ಸಂಶೋಧನೆ ಮಾಡಿದ ವಿಜ್ಞಾನಿಗಳಲ್ಲಿ ಒಬ್ಬರಾದ ಮಾರ್ಲೀನಾ ಫೆಝೋ ಸ್ವತಃ ಇದರಲ್ಲಿ ನರಳಿ 1999ರಲ್ಲಿ ಮಗು ಕಳೆದುಕೊಂಡವರು. ಮನಸ್ಸು ಗಟ್ಟಿ ಮಾಡಿಕೊಂಡು ಹಾರ್ಮೋನ್ ಇಳಿಸೋಕೆ ಆಗುತ್ತಾ?

ಇನ್ನು ಆಫೀಸು. ಎಚ್ಆರ್ ಅವರು ಮೆಟರ್ನಿಟಿ ರಜೆಯಲ್ಲೇ ಕಡಿತ ಮಾಡುತ್ತೇವೆ ಅಂದರು. ಬಸಿರಿನಿಂದ ಬಂದ ಕಾಯಿಲೆಗೆ 1961ರ ಮೆಟರ್ನಿಟಿ ಬೆನಿಫಿಟ್ ಕಾಯ್ದೆಯ 10ನೇ ಸೆಕ್ಷನ್‌ನಲ್ಲಿ ಬೇರೆಯೇ ರಜೆ ಇತ್ತು, ಒಂದು ತಿಂಗಳವರೆಗೆ, ಸಂಬಳ ಸಮೇತ. ನನ್ನ ಮೊದಲ ಸರ್ಟಿಫಿಕೇಟಿನಲ್ಲಿ ಬರೀ "ವಾಂತಿ" ಅಂತಿತ್ತು, ವಾಪಸ್ ಬಂತು. ಕಾಯಿಲೆಯ ಪೂರ್ತಿ ಹೆಸರು ಬರೆಸಿ ಕಳಿಸಿದೆ, ಎರಡೇ ದಿನಕ್ಕೆ ಮಂಜೂರಾಯಿತು.

ಖಾಸಗಿ ಆಸ್ಪತ್ರೆಯ ಖರ್ಚು ಎಲ್ಲರಿಗೂ ಆಗುವಂಥದ್ದಲ್ಲ. ನಮ್ಮ ಮನೆಗೆಲಸಕ್ಕೆ ಬರುವವರ ಸೊಸೆಗೆ ಈ ವರ್ಷ ಇದೇ ಥರ ಆದಾಗ, ತಾಯಿ ಕಾರ್ಡು ಮತ್ತು ನನ್ನ ನೋಟ್‌ಬುಕ್ಕಿನ ಥರದ್ದೇ ಲೆಕ್ಕದ ಒಂದು ಚೀಟಿ ಹಿಡಿದು ಕೆ.ಆರ್. ಮಾರ್ಕೆಟ್ ಹತ್ತಿರದ ವಾಣಿವಿಲಾಸ ಆಸ್ಪತ್ರೆಗೆ ಹೋದರು. ಚೀಟಿ ನಾನೇ ಬರೆದುಕೊಟ್ಟಿದ್ದೆ. ಅವತ್ತೇ ಅಡ್ಮಿಟ್ ಮಾಡಿಕೊಂಡರು.

ನನಗೆ 21ನೇ ವಾರಕ್ಕೆ ಹಿಡಿತಕ್ಕೆ ಬಂತು. ಆರಾಮಾಯಿತು ಅಂತ ಒಂದು ದಿನ ಮಾತ್ರೆ ಪೂರ್ತಿ ಬಿಟ್ಟೆ, ಮರುದಿನವೇ ಮತ್ತೆ ಬಚ್ಚಲು. ಆಮೇಲೆ ಡಾಕ್ಟರ್ ಹೇಳಿದ ಹಾಗೆ ಒಂದೊಂದಾಗಿ ಇಳಿಸಿದೆ. ಮಗಳು ಹುಟ್ಟುವವರೆಗೂ ಒಗ್ಗರಣೆ ಹೊತ್ತಿಗೆ ಕಿಟಕಿ ಮುಚ್ಚಲೇಬೇಕಿತ್ತು.

ಮುಂದಿನ ಬಸಿರಿನಲ್ಲೂ ಇದು ಮತ್ತೆ ಬರುವ ಸಾಧ್ಯತೆ ಜಾಸ್ತಿಯಂತೆ. ಟೆಸ್ಟ್ ಪಾಸಿಟಿವ್ ಬಂದ ದಿನವೇ ಫೋನ್ ಮಾಡಿ, ವಾಂತಿ ಶುರುವಾಗೋಕೆ ಮುಂಚೆಯೇ ಮಾತ್ರೆ ಶುರು ಮಾಡೋಣ ಅಂದಿದ್ದಾರೆ ಡಾಕ್ಟರ್. ಎರಡನೇ ಮಗುವಿನ ಮಾತು ನಾವಿನ್ನೂ ಎತ್ತಿಲ್ಲ. ಅತ್ತೆ ಮಾತ್ರ ಬಾಲ್ಕನಿಯ ಕುಂಡದಲ್ಲಿ ಶುಂಠಿ ನೆಟ್ಟಿದ್ದಾರೆ.