ಹಳೆಯ ರೇಡಿಯೋ ಸೈಟನ್ನು ಫೋನಿನಲ್ಲಿ ಓದುವಂತೆ ಮಾಡಿದ ಬಗೆ

ಹಳೆಯ ವಾಲ್ವ್ ರೇಡಿಯೋಗಳ ರಿಪೇರಿ ಬಗ್ಗೆ ನಾನು ನಡೆಸುವ ಸೈಟಿನಲ್ಲಿ ಸುಮಾರು 140 ಪುಟಗಳಿವೆ. ಎಲ್ಲವೂ ಕೈಯಾರೆ ಬರೆದ ಎಚ್‌ಟಿಎಂಎಲ್. ಬರಹ, ಬಿಡಿಭಾಗಗಳ ಪಟ್ಟಿ, ಸರ್ಕ್ಯೂಟ್ ಚಿತ್ರ, ಫೋಟೋ, ಇಷ್ಟೇ ಅದರ ಸರಕು. ಕಂಪ್ಯೂಟರಿನಲ್ಲಿ ಸಲೀಸಾಗಿ ಓದಿಸಿಕೊಳ್ಳುತ್ತಿದ್ದ ಪುಟಗಳು ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುತ್ತಿದ್ದವು. ಇದನ್ನು ಸರಿಮಾಡಲು ಫೋನಿಗೆಂದೇ ಇನ್ನೊಂದು ಸೈಟು ಕಟ್ಟಬೇಕಾಗಿಲ್ಲ, ದೊಡ್ಡ ಫ್ರೇಮ್‌ವರ್ಕ್ ತಂದು ಹೇರಬೇಕಾಗಿಯೂ ಇಲ್ಲ. ಅಲಂಕಾರವಿಲ್ಲದ ಎಚ್‌ಟಿಎಂಎಲ್ ಪುಟ ಯಾವ ಅಗಲಕ್ಕಾದರೂ ತಾನೇ ಹೊಂದಿಕೊಳ್ಳುತ್ತದೆ. ಅದನ್ನು ಕಟ್ಟಿಹಾಕುವುದು ನಾವು ಅಲ್ಲಲ್ಲಿ ಬರೆದಿಟ್ಟ ಅಗಲದ ಅಳತೆಗಳು. ಹಾಗಾಗಿ ಈ ಕೆಲಸದಲ್ಲಿ ಸೇರಿಸಿದ್ದು ಕಡಿಮೆ, ಅಳಿಸಿದ್ದೇ ಹೆಚ್ಚು.

ಅಕ್ಷರ ಇರುವೆಯಂತಾಗಲು ಕಾರಣ ಒಂದೇ ಒಂದು ಸಾಲು ಇಲ್ಲದಿರುವುದು. ಪುಟವನ್ನು ಎಷ್ಟು ಅಗಲದಲ್ಲಿ ಜೋಡಿಸಬೇಕೆಂದು ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಕಾಣದಿದ್ದರೆ ಫೋನಿನ ಬ್ರೌಸರ್ ಇದನ್ನು ಕಂಪ್ಯೂಟರಿಗೆ ಮಾಡಿದ ಪುಟವೆಂದು ಭಾವಿಸಿ, ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲದಲ್ಲಿ ಜೋಡಿಸಿ, ಆಮೇಲೆ ಇಡೀ ಪುಟವನ್ನು ಪರದೆಯ ಅಳತೆಗೆ ಕುಗ್ಗಿಸುತ್ತದೆ. ಪರದೆ 360 ಪಿಕ್ಸೆಲ್ ಇದ್ದರೆ 16ರ ಅಕ್ಷರ 6ರಷ್ಟಾಗುತ್ತದೆ. ಹೆಡ್ ಭಾಗದಲ್ಲಿ ವ್ಯೂಪೋರ್ಟ್ ಹೆಸರಿನ ಮೆಟಾ ಟ್ಯಾಗ್ ಹಾಕಿ, ಅದರ ಕಂಟೆಂಟಿನಲ್ಲಿ ವಿಡ್ತ್‌ಗೆ ಡಿವೈಸ್-ವಿಡ್ತ್, ಇನಿಷಿಯಲ್-ಸ್ಕೇಲ್‌ಗೆ 1 ಎಂದು ಕೊಟ್ಟರೆ ಈ ಕುಗ್ಗಾಟ ನಿಲ್ಲುತ್ತದೆ. ಹಳೆಯ ಮಾದರಿಗಳಿಂದ ನಕಲು ಮಾಡುವಾಗ ಯೂಸರ್-ಸ್ಕೇಲಬಲ್ ನೋ, ಮ್ಯಾಕ್ಸಿಮಮ್-ಸ್ಕೇಲ್ 1 ಎನ್ನುವ ತುಂಡುಗಳೂ ಜೊತೆಗೆ ಬಂದುಬಿಡುತ್ತವೆ. ಅವನ್ನು ಕಿತ್ತು ಹಾಕಿ. ಕಣ್ಣು ಮಂಜಾದವರು ಎರಡು ಬೆರಳಲ್ಲಿ ಹಿಗ್ಗಿಸಿ ನೋಡುವ ದಾರಿಯನ್ನೇ ಅವು ಮುಚ್ಚುತ್ತವೆ. ಸರ್ಕ್ಯೂಟ್ ಚಿತ್ರಗಳಿರುವ ಸೈಟಿನಲ್ಲಂತೂ ಅದು ಅನ್ಯಾಯ.

ಈ ಸಾಲೊಂದನ್ನೇ ಹಾಕಿ ಸೈಟಿಗೆ ಏರಿಸಬೇಡಿ. 900 ಪಿಕ್ಸೆಲ್ ಎಂದು ಅಗಲ ಕೊಟ್ಟ ಪುಟ ಆಗ ಕುಗ್ಗುವುದನ್ನು ಬಿಟ್ಟು ಪರದೆಯಿಂದಾಚೆ ಚಾಚಿಕೊಳ್ಳುತ್ತದೆ. ಪ್ರತಿ ಸಾಲು ಓದಲೂ ಪಕ್ಕಕ್ಕೆ ಎಳೆಯಬೇಕಾಗುತ್ತದೆ. ಮೊದಲಿಗಿಂತ ಕಷ್ಟ. ಟ್ಯಾಗೂ ಅಗಲದ ಸಫಾಯಿಯೂ ಒಟ್ಟಿಗೇ ಹೋಗಬೇಕು.

ಸಫಾಯಿಗೆ ಮೊದಲು ಇಡೀ ಫೋಲ್ಡರಿನ ನಕಲು ತೆಗೆದಿಟ್ಟೆ. ಆಮೇಲೆ ಎಡಿಟರಿನಲ್ಲಿ ಎಲ್ಲ ಫೈಲುಗಳನ್ನೂ ಒಟ್ಟಿಗೆ ಹುಡುಕುವ ಸೌಲಭ್ಯ ಬಳಸಿ ವಿಡ್ತ್ ಎಂಬ ಪದ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿದೆ. ಟೇಬಲ್, ಟಿಡಿ, ಡಿವ್ ಟ್ಯಾಗುಗಳಲ್ಲಿದ್ದ ಪಿಕ್ಸೆಲ್ ಅಗಲಗಳೆಲ್ಲ ಹೋದವು. ಫಾಂಟ್ ಟ್ಯಾಗುಗಳೂ ಹೋದವು. ಐಎಂಜಿ ಟ್ಯಾಗಿನ ವಿಡ್ತ್, ಹೈಟ್ ಮಾತ್ರ ಉಳಿಯಬೇಕು. ಕಾರಣ ಮುಂದೆ ಹೇಳುತ್ತೇನೆ. ಐದು ಪುಟದಲ್ಲಿ ಮಾಡಿ ನೋಡಿ, ಸರಿ ಅನ್ನಿಸಿದ ಮೇಲೆಯೇ ಉಳಿದ ಪುಟಗಳಿಗೆ ಕೈಹಾಕಿ. ಎಲ್ಲ ಪುಟಕ್ಕೂ ಒಂದೇ ಸಿಎಸ್‌ಎಸ್ ಫೈಲು, ಅಂದರೆ ಪುಟದ ರೂಪವನ್ನು ಹೇಳುವ ಫೈಲು. ಅದರಲ್ಲಿ ಬಾಡಿ ಟ್ಯಾಗಿಗೆ ಮ್ಯಾಕ್ಸ್-ವಿಡ್ತ್ 40 ರೆಮ್ (1 ರೆಮ್ ಎಂದರೆ ಬ್ರೌಸರಿನ ಮೂಲ ಅಕ್ಷರ ಗಾತ್ರ, ಸಾಮಾನ್ಯವಾಗಿ 16 ಪಿಕ್ಸೆಲ್), ಮಾರ್ಜಿನ್ ಆಟೋ, ಎರಡೂ ಬದಿ 1 ರೆಮ್ ಪ್ಯಾಡಿಂಗ್. ಎಲ್ಲ ಎಲಿಮೆಂಟಿಗೂ ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್. ಕೊನೆಯದನ್ನು ಮರೆತರೆ ಅಗಲ ನೂರು ಪರ್ಸೆಂಟ್ ಕೊಟ್ಟ ಪೆಟ್ಟಿಗೆಗೆ ಪ್ಯಾಡಿಂಗ್ ಸೇರಿ ಅದು ಪರದೆಗಿಂತ ಅಗಲವಾಗುತ್ತದೆ.

ಎಡಗಡೆ ಮೆನು, ಬಲಗಡೆ ಬರಹ ಎಂಬ ಟೇಬಲ್ ಜೋಡಣೆಯನ್ನೂ ಬಿಚ್ಚಿದೆ. ಮೆನುವನ್ನು ಹಾಗೇ ಮೇಲಿಟ್ಟರೆ ಫೋನಿನಲ್ಲಿ ಓದುಗರು ಮೊದಲು ಹದಿನೈದು ಲಿಂಕು ದಾಟಿ ಬರಬೇಕು. ಫೈಲಿನಲ್ಲಿ ಬರಹ ಮೊದಲು, ಮೆನು ಕೊನೆಯಲ್ಲಿ ಇಟ್ಟು, ಪುಟದ ನೆತ್ತಿಯಲ್ಲಿ ‘ಎಲ್ಲ ಪುಟಗಳು’ ಎಂಬ ಒಂದು ಲಿಂಕಿನಿಂದ ಕೆಳಗಿನ ಮೆನುವಿಗೆ ದಾರಿ ಕೊಟ್ಟೆ. ಜಾವಾಸ್ಕ್ರಿಪ್ಟ್ ಒಂದು ಸಾಲೂ ಬೇಡ. ಅಗಲ ಪರದೆಗೆ, ಮಿನ್-ವಿಡ್ತ್ 60 ಇಎಂ ಎಂಬ ಒಂದೇ ಮೀಡಿಯಾ ಕ್ವೆರಿಯೊಳಗೆ (ಪರದೆ ಅಷ್ಟು ಅಗಲವಿದ್ದರೆ ಮಾತ್ರ ಜಾರಿಯಾಗುವ ನಿಯಮ) ಬಾಡಿಯ ಮಿತಿಯನ್ನು ಸಡಿಲಿಸಿ, ಗ್ರಿಡ್ ಬಳಸಿ ಮೆನುವನ್ನು ಮತ್ತೆ ಪಕ್ಕಕ್ಕೆ ಕೂರಿಸಿದೆ. ಗ್ರಿಡ್ ಬಳಸುವವರು ಒಂದು ಎಚ್ಚರ ವಹಿಸಬೇಕು: 1 ಎಫ್ಆರ್ (ಉಳಿದ ಜಾಗದ ಒಂದು ಪಾಲು) ಎಂದು ಬರೆದ ಕಾಲಮ್ ತನ್ನೊಳಗಿನ ಅತಿ ಅಗಲದ ವಸ್ತುವಿಗಿಂತ ಕಿರಿದಾಗಲು ಒಪ್ಪುವುದಿಲ್ಲ. ಒಂದು ಅಗಲದ ಪಟ್ಟಿ ಇಡೀ ಪುಟವನ್ನೇ ಹಿಗ್ಗಿಸುತ್ತದೆ. ಮಿನ್‌ಮ್ಯಾಕ್ಸ್ ಸೊನ್ನೆ, 1 ಎಫ್ಆರ್ ಎಂದು ಬರೆದರೆ ಒಪ್ಪುತ್ತದೆ.

ಇಷ್ಟಾದರೂ ಕೆಲವು ಪುಟ ಪಕ್ಕಕ್ಕೆ ಜಾರುತ್ತಲೇ ಇರುತ್ತವೆ. ಯಾವುದು ಹೊರಗೆ ಚಾಚಿದೆ ಎಂದು ಕಣ್ಣಳತೆಯಲ್ಲಿ ಹುಡುಕುವುದು ವ್ಯರ್ಥ. ತಾತ್ಕಾಲಿಕವಾಗಿ ಎಲ್ಲ ಎಲಿಮೆಂಟಿಗೂ 1 ಪಿಕ್ಸೆಲ್ಲಿನ ಕೆಂಪು ಔಟ್‌ಲೈನ್ ಕೊಡಿ, ಗೆರೆ ದಾಟಿ ನಿಂತಿರುವ ಕಳ್ಳ ತಕ್ಷಣ ಸಿಗುತ್ತಾನೆ. ಬಾರ್ಡರ್ ಕೊಡಬೇಡಿ, ಅದು ತಾನೇ ಜಾಗ ತಿಂದು ಅಳತೆ ಕೆಡಿಸುತ್ತದೆ. ನನ್ನಲ್ಲಿ ಸಿಕ್ಕವು ಮೂರು ಬಗೆ: ಉದ್ದನೆಯ ವೆಬ್ ವಿಳಾಸಗಳು, 100 ವಿಡಬ್ಲ್ಯೂ (ಪರದೆಯ ಪೂರ್ತಿ ಅಗಲ) ಎಂದು ಅಗಲ ಕೊಟ್ಟ ಬ್ಯಾನರು, ನೆಗೆಟಿವ್ ಮಾರ್ಜಿನ್. ಬಾಡಿ ಟ್ಯಾಗಿಗೆ ಓವರ್‌ಫ್ಲೋ-ಎಕ್ಸ್ ಹಿಡನ್ ಕೊಟ್ಟು ಮುಚ್ಚಿಬಿಡುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಜಾರುವುದು ನಿಲ್ಲುತ್ತದೆ ನಿಜ, ಆದರೆ ಆಚೆ ಚಾಚಿದ್ದ ಬರಹ ಓದುಗರಿಗೆ ಸಿಗದೆಯೇ ಹೋಗುತ್ತದೆ.

ಇನ್ನು ಅಕ್ಷರ. ಇಲ್ಲಿ ಇಂಗ್ಲಿಷ್ ಪುಟಗಳಿಗೆಂದು ಬರೆದ ಸಲಹೆಯನ್ನು ಹಾಗೇ ಎತ್ತಿಕೊಂಡರೆ ಕನ್ನಡ ಉಸಿರುಗಟ್ಟುತ್ತದೆ. ‘ರಾಷ್ಟ್ರೀಯ’ ಎಂಬ ಪದವನ್ನೇ ನೋಡಿ: ಷಕಾರದ ಕೆಳಗೆ ಟ, ಅದರ ಬಳಿ ರ ಒತ್ತು, ಮೇಲೆ ಗುಡಿಸು. ಸಾಲಿನ ಎತ್ತರ 1.2 ಇದ್ದ ಶೀರ್ಷಿಕೆಯಲ್ಲಿ ಈ ಪದದ ಒತ್ತು ಹೋಗಿ ಕೆಳಸಾಲಿನ ‘ಕೀ’ಯ ನೆತ್ತಿಗೆ ತಾಗುತ್ತಿತ್ತು. ಓವರ್‌ಫ್ಲೋ ಹಿಡನ್ ಇದ್ದ ಮೆನು ಬಟನ್ನುಗಳಲ್ಲಂತೂ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗಿ, ಯಾವ ಅಕ್ಷರವೆಂದೇ ತಿಳಿಯುತ್ತಿರಲಿಲ್ಲ. ಬರಹಕ್ಕೆ ಲೈನ್-ಹೈಟ್ 1.75, ಶೀರ್ಷಿಕೆಗೆ 1.45 ಕೊಟ್ಟ ಮೇಲೆ ಸಾಲುಗಳು ಬಿಡಿಸಿಕೊಂಡವು. ಈ ಅಳತೆಯನ್ನು ಬರೀ ಸಂಖ್ಯೆಯಾಗಿ ಬರೆಯಬೇಕು. ಬಾಡಿ ಟ್ಯಾಗಿಗೆ 28 ಪಿಕ್ಸೆಲ್ ಎಂದು ಬರೆದರೆ ದೊಡ್ಡ ಶೀರ್ಷಿಕೆಗಳೂ ಅದೇ 28ನ್ನು ಹೊತ್ತುಕೊಂಡು ಒಂದರ ಮೇಲೊಂದು ಬೀಳುತ್ತವೆ.

ಬರಹದ ಗಾತ್ರ 1.125 ರೆಮ್, ಅಂದರೆ ಸಾಮಾನ್ಯವಾಗಿ 18 ಪಿಕ್ಸೆಲ್. ಪಿಕ್ಸೆಲ್ ಬದಲು ರೆಮ್ ಬಳಸಿದರೆ ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರ ಆಯ್ಕೆಗೆ ಪುಟವೂ ಮಣಿಯುತ್ತದೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ತೆಗೆದುಹಾಕಿದೆ. ಕನ್ನಡದ ಪದಗಳು ಉದ್ದ, ಫೋನಿನ ಸಾಲು ಚಿಕ್ಕದು. ಒಂದು ಸಾಲಿಗೆ ಮೂರೇ ಪದ ಬಂದಾಗ ನಡುವೆ ಹೊಂಡ ಬೀಳುತ್ತದೆ. ಸಾಲಿನಲ್ಲಿ ಹಿಡಿಸದ ಪದಕ್ಕೆ ಓವರ್‌ಫ್ಲೋ-ರ‍್ಯಾಪ್ ಬ್ರೇಕ್-ವರ್ಡ್ ಸಾಕು. ವರ್ಡ್-ಬ್ರೇಕ್ ಬ್ರೇಕ್-ಆಲ್ ಮಾತ್ರ ಬೇಡವೇ ಬೇಡ. ಅದು ಎಲ್ಲ ಪದವನ್ನೂ ಸಿಕ್ಕಲ್ಲಿ ಕಡಿಯುತ್ತದೆ, ಒತ್ತಕ್ಷರದ ನಡುವೆಯೂ ಕಡಿಯಬಹುದು. ಶೀರ್ಷಿಕೆಯ ಉದ್ದ ಸಮಾಸಪದಗಳಲ್ಲಿ ಮುರಿಯಬಹುದಾದ ಜಾಗವನ್ನು ಡಬ್ಲ್ಯುಬಿಆರ್ ಟ್ಯಾಗ್ ಹಾಕಿ ನಾನೇ ಗುರುತಿಸಿದ್ದೇನೆ. ಲೆಟರ್-ಸ್ಪೇಸಿಂಗ್ ಸೊನ್ನೆಯಲ್ಲೇ ಇರಲಿ. ಇಟಾಲಿಕ್ ಕೂಡ ಬಿಟ್ಟೆ. ಕನ್ನಡ ಫಾಂಟುಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ಇರುವುದಿಲ್ಲ, ಬ್ರೌಸರ್ ಸುಮ್ಮನೆ ಅಕ್ಷರವನ್ನು ಓರೆ ಮಾಡಿ ತೋರಿಸುತ್ತದೆ, ಸಣ್ಣ ಪರದೆಯಲ್ಲಿ ಅದನ್ನು ಓದಲು ತ್ರಾಸ.

ವೆಬ್ ಫಾಂಟ್ ಬೇಕೇ? ಈಗಿನ ಫೋನುಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಬರೀ ಓದುವ ಬರಹಕ್ಕೆ ಅದೇ ಸಾಕು, ಡೌನ್‌ಲೋಡೂ ಉಳಿಯುತ್ತದೆ. ಹಾಕಲೇಬೇಕೆಂದರೆ ವಾಫ್2 ರೂಪದಲ್ಲಿ, ಫಾಂಟ್-ಡಿಸ್‌ಪ್ಲೇ ಸ್ವಾಪ್ ಜೊತೆಗೆ ಹಾಕಿ. ಫಾಂಟಿನ ತೂಕ ಇಳಿಸಲು ಅಕ್ಷರ ಕಡಿತ ಮಾಡುವಾಗ ಜಿಸಬ್ ಕೋಷ್ಟಕ ಉಳಿದಿದೆಯೇ ನೋಡಿಕೊಳ್ಳಿ. ಒತ್ತು ಕೂಡಿಸುವ ನಿಯಮಗಳೆಲ್ಲ ಅದರಲ್ಲೇ ಇರುವುದು. ಅದು ಹೋದರೆ ‘ಅಕ್ಕ’ದ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಲ್ಯಾಂಗ್ ಕೆಎನ್ ಎಂದು ಬರೆದಿರಲಿ, ಪುಟವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳು ಭಾಷೆ ತಿಳಿಯುವುದು ಅದರಿಂದಲೇ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪುಟಗಳಿದ್ದರೆ ಅವನ್ನು ಮೊದಲು ಯೂನಿಕೋಡಿಗೆ ಬದಲಿಸಿ, ಯುಟಿಎಫ್-8ರಲ್ಲಿ ಉಳಿಸಿ. ಆ ಫಾಂಟ್ ಫೋನಿನಲ್ಲಿ ಇಲ್ಲದ ಕಾರಣ ಬರಹ ಬರೀ ಲ್ಯಾಟಿನ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಬೇಕು, ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ಅತಿ ಹೆಚ್ಚು ಯೋಚನೆ ಹಿಡಿಸಿದ್ದು ಬಿಡಿಭಾಗಗಳ ಪಟ್ಟಿ. ಐದು ಕಾಲಮ್: ಗುರುತು, ಮೌಲ್ಯ, ವೋಲ್ಟೇಜ್, ಬದಲಿ, ಟಿಪ್ಪಣಿ. ಸಿ12, 0.05 ಮೈಕ್ರೋಫ್ಯಾರಡ್, 400 ವೋಲ್ಟ್, ಬದಲಿಗೆ 0.047 ಮೈಕ್ರೋಫ್ಯಾರಡ್ 630 ವೋಲ್ಟ್ ಫಿಲ್ಮ್ ಕೆಪಾಸಿಟರ್ ಎಂಬ ಸಾಲನ್ನು 328 ಪಿಕ್ಸೆಲ್ಲಿನಲ್ಲಿ (360ರ ಪರದೆಯಲ್ಲಿ ಪ್ಯಾಡಿಂಗ್ ಕಳೆದು ಉಳಿಯುವ ಅಗಲ) ತುರುಕಿದರೆ ಸಂಖ್ಯೆ ಒಂದು ಸಾಲಿಗೆ, ಮಾನ ಇನ್ನೊಂದು ಸಾಲಿಗೆ ಬೀಳುತ್ತದೆ. ಒಂದು ಕೈಯಲ್ಲಿ ಸೋಲ್ಡರಿಂಗ್ ಐರನ್, ಇನ್ನೊಂದರಲ್ಲಿ ಫೋನು ಹಿಡಿದವರು 0.047ನ್ನು 0.47 ಎಂದು ಓದಿದರೆ ತಪ್ಪು ಭಾಗ ಕೂರುತ್ತದೆ. ಆದ್ದರಿಂದ ಸಂಖ್ಯೆಗೂ ಮಾನಕ್ಕೂ ನಡುವೆ ಮುರಿಯದ ಖಾಲಿ ಜಾಗ, ಅಂದರೆ ಎನ್‌ಬಿಎಸ್‌ಪಿ. ಪಟ್ಟಿಯನ್ನು ಓವರ್‌ಫ್ಲೋ-ಎಕ್ಸ್ ಆಟೋ ಇರುವ ಡಿವ್ ಒಳಗಿಟ್ಟೆ. ಈಗ ಪಟ್ಟಿ ಮಾತ್ರ ಪಕ್ಕಕ್ಕೆ ಸರಿಯುತ್ತದೆ, ಪುಟ ಅಲುಗಾಡುವುದಿಲ್ಲ. ಮೊದಲ ಕಾಲಮ್‌ಗೆ ಪೊಸಿಷನ್ ಸ್ಟಿಕಿ, ಲೆಫ್ಟ್ ಸೊನ್ನೆ, ಜೊತೆಗೆ ಹಿನ್ನೆಲೆ ಬಣ್ಣ. ಎಷ್ಟು ಸರಿಸಿದರೂ ಸಿ12 ಎಂಬ ಗುರುತು ಎಡಕ್ಕೆ ಅಂಟಿಕೊಂಡಿರುತ್ತದೆ. ಹಿನ್ನೆಲೆ ಬಣ್ಣ ಮರೆತರೆ ಸರಿದುಬರುವ ಅಂಕಿಗಳು ಅದರ ಅಡಿಯಿಂದ ಇಣುಕಿ ಎರಡೂ ಕಲಸಿಹೋಗುತ್ತವೆ. ಪ್ರತಿ ಸಾಲನ್ನೂ ಬ್ಲಾಕ್ ಮಾಡಿ ಕಾರ್ಡಿನಂತೆ ಕೆಳಕೆಳಗೆ ಜೋಡಿಸುವ ಉಪಾಯವೂ ಇದೆ. ಸಾಲಿನಿಂದ ಸಾಲಿಗೆ ಹೋಲಿಸಿ ನೋಡಬೇಕಾದ ಪಟ್ಟಿಗೆ ಅದು ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸರ್ಕ್ಯೂಟ್ ಚಿತ್ರಕ್ಕೆ ಮ್ಯಾಕ್ಸ್-ವಿಡ್ತ್ ನೂರು ಪರ್ಸೆಂಟ್ ಕೊಟ್ಟರೆ ಪುಟ ಉಳಿಯುತ್ತದೆ, ಚಿತ್ರ ಸಾಯುತ್ತದೆ. ಲೆಕ್ಕ ನೋಡಿ: 800 ಅಗಲದ ವ್ಯೂಬಾಕ್ಸಿನಲ್ಲಿ (ಚಿತ್ರದ ಮೂಲ ಚೌಕಟ್ಟು) 14ರ ಅಕ್ಷರ ಇಟ್ಟು ಬರೆದ ಎಸ್‌ವಿಜಿ 328ಕ್ಕೆ ಇಳಿದಾಗ ಆ ಅಕ್ಷರ 6 ಪಿಕ್ಸೆಲ್ಲನ್ನೂ ಮುಟ್ಟುವುದಿಲ್ಲ. 12 ಪಿಕ್ಸೆಲ್ ಕಾಣಬೇಕೆಂದರೆ ಬರೆಯುವಾಗಲೇ 30ರಷ್ಟು ಇರಬೇಕು. ಅದಕ್ಕೆ ದೊಡ್ಡ ಚಿತ್ರವನ್ನು ಹಂತಗಳಾಗಿ ಒಡೆದೆ: ಆಸಿಲೇಟರ್, ಐಎಫ್ (ನಡು ಆವರ್ತನ), ಆಡಿಯೋ, ಪವರ್ ಸಪ್ಲೈ. ವಿವರಣೆ ಬರುವ ಪ್ಯಾರಾದ ಕೆಳಗೇ ಆಯಾ ತುಂಡು. ಪುಟದ ಕೊನೆಗೆ ಪೂರ್ತಿ ಚಿತ್ರ, ಮುಟ್ಟಿದರೆ 2400 ಪಿಕ್ಸೆಲ್ಲಿನ ಫೈಲು ತೆರೆಯುತ್ತದೆ. ಕಂಪ್ಯೂಟರಿನಲ್ಲಿ ಓದುವವರಿಗೂ ಇದೇ ಹಿತವಾಗಿದೆ. ಗೆರೆಚಿತ್ರದ ಸ್ಕ್ಯಾನಿಗೆ ಪಿಎನ್‌ಜಿ ಬಳಸಿ. ಜೆಪೆಗ್ ಗೆರೆಗಳ ಸುತ್ತ ಮಸಿ ಹರಡಿದಂತೆ ಮಾಡುತ್ತದೆ.

ಫೋಟೋಗಳು ಕ್ಯಾಮೆರಾದಿಂದ ಬಂದಂತೆ 4000 ಪಿಕ್ಸೆಲ್ ಅಗಲ ಇದ್ದವು. ಪ್ರತಿಯೊಂದಕ್ಕೂ 480, 800, 1200ರ ಮೂರು ಪ್ರತಿ ಮಾಡಿ, ಬ್ರೌಸರ್ ತನಗೆ ಹೊಂದುವುದನ್ನು ಆರಿಸಿಕೊಳ್ಳಲೆಂದು ಎಸ್‌ಆರ್‌ಸಿಸೆಟ್‌ನಲ್ಲಿ ಕೊಟ್ಟೆ. 328 ಪಿಕ್ಸೆಲ್ ಜಾಗ, ಪಿಕ್ಸೆಲ್ ಸಾಂದ್ರತೆ 2 ಇರುವ ಫೋನಿಗೆ 656 ಬೇಕು, ಅದಕ್ಕೆ 800ರದ್ದು ಹೊಂದುತ್ತದೆ. ಸಾಂದ್ರತೆ 3 ಇದ್ದರೆ 984 ಬೇಕು, 1200ರದ್ದು. ಚಿತ್ರ ಎಷ್ಟು ಅಗಲ ಕಾಣುತ್ತದೆಂದು ಹೇಳುವ ಸೈಜಸ್ ಬರೆಯದಿದ್ದರೆ ಬ್ರೌಸರ್ ಚಿತ್ರವನ್ನು ಪರದೆಯಷ್ಟೇ ಅಗಲವೆಂದು ಎಣಿಸುತ್ತದೆ. ಕಂಪ್ಯೂಟರಿನಲ್ಲಿ ಅನಗತ್ಯವಾಗಿ ದೊಡ್ಡ ಫೈಲು ಇಳಿಯುತ್ತದೆ. ವಿಡ್ತ್, ಹೈಟ್ ಉಳಿಸಿಕೊಂಡದ್ದು ಚಿತ್ರ ಬರುವ ಮೊದಲೇ ಬ್ರೌಸರ್ ಅದಕ್ಕೆ ಜಾಗ ಕಾದಿಡಲಿ ಎಂದು. ಇಲ್ಲದಿದ್ದರೆ ಓದುತ್ತಿದ್ದ ಸಾಲು ತಟ್ಟನೆ ಕೆಳಗೆ ಹಾರುತ್ತದೆ. ಸಿಎಸ್‌ಎಸ್‌ನಲ್ಲಿ ಹೈಟ್ ಆಟೋ ಇರಲೇಬೇಕು, ಮರೆತರೆ ರೇಡಿಯೋಗಳೆಲ್ಲ ಉದ್ದಕ್ಕೆ ಎಳೆದಂತೆ ಕಾಣುತ್ತವೆ. ಲೋಡಿಂಗ್ ಲೇಜಿಯನ್ನು ಮೊದಲ ಚಿತ್ರ ಬಿಟ್ಟು ಉಳಿದವಕ್ಕೆ ಹಾಕಿ.

ಬೆರಳಿಗೆ ಸಿಗುವ ಗಾತ್ರದ ಬಗ್ಗೆ ವೆಬ್ ಸುಲಭತೆಯ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಎಎ ಹಂತದಲ್ಲಿ ಕನಿಷ್ಠ 24 ಪಿಕ್ಸೆಲ್ ಕೇಳುತ್ತದೆ, ಎಎಎ ಹಂತದಲ್ಲಿ 44. ಮೆನುವಿನ ಲಿಂಕುಗಳಿಗೆ ಡಿಸ್‌ಪ್ಲೇ ಬ್ಲಾಕ್ ಮಾಡಿ ಮೇಲೆ ಕೆಳಗೆ 0.75 ರೆಮ್ ಪ್ಯಾಡಿಂಗ್ ಕೊಟ್ಟರೆ 44 ದಾಟುತ್ತದೆ. ಮೌಸ್ ತಂದಾಗ ಮಾತ್ರ ತೆರೆಯುವ ಉಪಮೆನುಗಳನ್ನು ಡೀಟೇಲ್ಸ್, ಸಮ್ಮರಿ ಟ್ಯಾಗುಗಳಿಗೆ ಬದಲಿಸಿದೆ. ಹುಡುಕು ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್ಲಿಗಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ ಅದನ್ನು ಮುಟ್ಟಿದ ಕೂಡಲೇ ಪುಟವನ್ನು ಹಿಗ್ಗಿಸುತ್ತದೆ, ಹಾಗಾಗಿ ಅದಕ್ಕೂ 1 ರೆಮ್.

ಪರೀಕ್ಷೆಗೆ ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ಅಗಲವನ್ನು 320ಕ್ಕೆ ಇಳಿಸಿ ಶುರುಮಾಡಿದೆ. ಅದರಲ್ಲಿ ಸರಿ ಕಂಡದ್ದೆಲ್ಲ ಫೋನಿನಲ್ಲೂ ಸರಿಯೆಂದು ನಂಬಬೇಡಿ. ಕಂಪ್ಯೂಟರಿನ ಕನ್ನಡ ಫಾಂಟೇ ಬೇರೆ, ಫೋನಿನದೇ ಬೇರೆ, ಒತ್ತು ಕತ್ತರಿಸುವುದು ಅಸಲಿ ಫೋನಿನಲ್ಲೇ ಗೊತ್ತಾಗುವುದು. ಕಂಪ್ಯೂಟರಿನಲ್ಲಿ ಪೈಥಾನಿನ ಎಚ್‌ಟಿಟಿಪಿ ಸರ್ವರ್ ಓಡಿಸಿ, ಅದೇ ವೈಫೈನಲ್ಲಿರುವ ಫೋನಿನಿಂದ ಕಂಪ್ಯೂಟರಿನ ಐಪಿ ವಿಳಾಸ, 8000ನೇ ಪೋರ್ಟ್ ತೆರೆದರೆ ಸೈಟಿಗೆ ಏರಿಸುವ ಮೊದಲೇ ನೋಡಬಹುದು. ಫೋನನ್ನು ಅಡ್ಡ ತಿರುಗಿಸಿ ನೋಡಿ, ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಇಟ್ಟು ನೋಡಿ, ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ಟಿಪ್ಪಣಿಗಳು ಬಿಸಿಲಿನಲ್ಲಿ ಮಾಯವಾದ್ದರಿಂದ ಬಣ್ಣದ ವ್ಯತ್ಯಾಸವನ್ನು ಕನಿಷ್ಠ 4.5ಕ್ಕೆ 1ರ ಅನುಪಾತಕ್ಕೆ ಏರಿಸಿದೆ.

ಏರಿಸಿದ ಮೇಲೂ ಕೆಲವರಿಗೆ ಪುಟ ಅಸ್ತವ್ಯಸ್ತವಾಗಿ ಕಾಣಬಹುದು. ಪುಟ ಹೊಸದು, ಅವರ ಫೋನಿನಲ್ಲಿ ಕೂತಿರುವ ಸಿಎಸ್‌ಎಸ್ ಹಳೆಯದು. ಸಿಎಸ್‌ಎಸ್ ಫೈಲಿನ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಿ=2 ಎಂದು ಸೇರಿಸಿದರೆ ಬ್ರೌಸರ್ ಅದನ್ನು ಹೊಸ ಫೈಲೆಂದು ತಿಳಿದು ಮತ್ತೆ ಇಳಿಸಿಕೊಳ್ಳುತ್ತದೆ. ಮುಂದಿನ ಸಲ ಸಿಎಸ್‌ಎಸ್ ಮುಟ್ಟಿದಾಗ ಅದೇ ಅಂಕಿಯನ್ನು 3 ಮಾಡಿ.