ಜರ್ಮನಿಗೆ ಹೊರಟಿದ್ದೀರಾ? ಮೊದಲು ಗೆಳೆಯರನ್ನು ಮಾಡಿಕೊಳ್ಳಿ

ಬೆಳಗಾವಿಯಿಂದ ಓದೋಕೆ, ಕೆಲಸಕ್ಕೆ ಅಂತ ಜರ್ಮನಿಗೆ ಹೊರಟವರಿಗೆ ಒಂದು ಮಾತು. ಅಲ್ಲಿ ಒಬ್ಬ ಒಳ್ಳೆಯ ಗೆಳೆಯ ಸಿಕ್ಕರೆ ಅರ್ಧ ಚಿಂತೆ ಕಳೆದಂಗೆ. ಭಾನುವಾರ ಅಂಗಡಿಗಳೆಲ್ಲ ಬಹುತೇಕ ಬಂದ್. ಗೆಳೆಯ ಇದ್ದರೆ ಶನಿವಾರವೇ ನೆನಪಿಸುತ್ತಾನೆ, ಮರೆತರೆ ದೊಡ್ಡ ರೈಲು ನಿಲ್ದಾಣದ ಅಂಗಡಿ ತೋರಿಸುತ್ತಾನೆ. ಖಾಲಿ ಪ್ಲಾಸ್ಟಿಕ್ ಬಾಟಲಿ ಕಸಕ್ಕೆ ಎಸೆಯಲು ಹೋದರೆ ಕೈ ಹಿಡಿದು ನಿಲ್ಲಿಸುತ್ತಾನೆ. ಸೂಪರ್‌ಮಾರ್ಕೆಟಿನ ಮಷಿನಿಗೆ ಹಾಕಿದರೆ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ವಾಪಸ್!

ನಮ್ಮವರ ಜೊತೆಗೇ ಕೂತರೆ ಆ ಊರು ಕಾಣೋದೇ ಇಲ್ಲ. ಕ್ಲಾಸಿನ ಜರ್ಮನ್ ಹುಡುಗರನ್ನೂ ಊಟಕ್ಕೆ ಕರೆಯಿರಿ. ರೊಟ್ಟಿ, ಶೇಂಗಾ ಚಟ್ನಿ ಸಾಕು, ಖಾರ ಮಾತ್ರ ಕಡಿಮೆ ಇರಲಿ. ಹಾಂ, ಪ್ರೀತಿಯಿಂದ ಕುಂದಾ ಕಟ್ಟಿಕೊಂಡು ಹೋಗಬೇಡಿ. ಇಲ್ಲಿಂದ ಒಯ್ದ ಹಾಲಿನ ಪದಾರ್ಥವನ್ನು ಅಲ್ಲಿಯ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ.